ಸ್ಟೀಲಿಗೆ ತುಕ್ಕಿಲ್ಲ, ಫೈಬರ್ ಕೊಳೆಯುವುದಿಲ್ಲ ಎನ್ನುವುದು ನಿಜವೇ? ಹಳೆಯ ಹಾಯಿದೋಣಿಯಲ್ಲಿದೆ ಉತ್ತರ

“ಸ್ಟೇನ್‌ಲೆಸ್ ಸ್ಟೀಲಿಗೆ ತುಕ್ಕು ಹಿಡಿಯುವುದಿಲ್ಲ.” “ಫೈಬರ್ ಕೊಳೆಯುವುದಿಲ್ಲ.” “ಅಯಸ್ಕಾಂತ ಅಂಟಿಕೊಂಡರೆ ಅದು ನಕಲಿ ಸ್ಟೀಲು.” ಇಂಥ ಮಾತುಗಳನ್ನು ನಾವೆಲ್ಲ ಕೇಳಿರುತ್ತೇವೆ. ಅಡುಗೆಮನೆಯಲ್ಲಿ ಇವು ಸುಳ್ಳಾದರೆ ಒಂದು ಪಾತ್ರೆ ಹಾಳಾಗಬಹುದು, ಅಷ್ಟೆ. ನಡುಗಡಲಿನಲ್ಲಿ ಸುಳ್ಳಾದರೆ ಜೀವಕ್ಕೇ ಅಪಾಯ. ಆದ್ದರಿಂದ ಈ ಮಾತುಗಳನ್ನು ಒರೆಗೆ ಹಚ್ಚಲು ಹಳೆಯ ಹಾಯಿದೋಣಿಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ.

ಹಾಗೆಂದು ಹಳೆಯ ದೋಣಿಯೆಲ್ಲ ಅಪಾಯಕಾರಿ ಎಂದಲ್ಲ. ಗೋವಾದಲ್ಲಿ ಕಟ್ಟಿದ, ಸುಮಾರು 17 ಮೀಟರ್ ಉದ್ದದ ‘ತಾರಿಣಿ’ ಹಾಯಿದೋಣಿ ಭಾರತೀಯ ನೌಕಾಪಡೆಗೆ ಸೇರಿದ್ದು 2017ರಲ್ಲಿ. ಅದೇ ವರ್ಷ ಆರು ಮಹಿಳಾ ಅಧಿಕಾರಿಗಳು ಅದರಲ್ಲಿ ಹೊರಟು, 2018ರ ಮೇ ತಿಂಗಳಲ್ಲಿ ಭೂಮಿಯನ್ನು ಸುತ್ತಿ ಬಂದರು. ಏಳು ವರ್ಷಗಳ ನಂತರ, 2024ರ ಅಕ್ಟೋಬರ್‌ನಲ್ಲಿ ಅದೇ ದೋಣಿಯಲ್ಲಿ ಮತ್ತಿಬ್ಬರು ಅಧಿಕಾರಿಗಳು ಹೊರಟರು. 2025ರ ಮೇ ತಿಂಗಳಲ್ಲಿ ಅವರೂ ಭೂಮಿಯನ್ನು ಸುತ್ತಿ ಮುಗಿಸಿದರು. ದೋಣಿಗೆ ಎಷ್ಟು ವಯಸ್ಸಾಯಿತು ಎನ್ನುವುದಕ್ಕಿಂತ ಅದನ್ನು ಹೇಗೆ ನೋಡಿಕೊಂಡರು ಎನ್ನುವುದೇ ಮುಖ್ಯ.

ಫೈಬರ್ ಕೊಳೆಯುವುದಿಲ್ಲವೇ?

ಗಾಜಿನ ಎಳೆ ಮತ್ತು ರಾಳ ಸೇರಿ ಆದ ಫೈಬರ್ ಕೊಳೆಯುವುದಿಲ್ಲ, ಇದು ನಿಜ. ಆದರೆ ಎಷ್ಟೋ ದೋಣಿಗಳ ಡೆಕ್ ಬರೀ ಫೈಬರ್ ಅಲ್ಲ. ತೂಕ ಕಡಿಮೆ ಮಾಡಲು ಎರಡು ಫೈಬರ್ ಪದರಗಳ ನಡುವೆ ಬಾಲ್ಸಾ ಮರ ಅಥವಾ ಪ್ಲೈವುಡ್ ಇಟ್ಟಿರುತ್ತಾರೆ. ಡೆಕ್ ಮೇಲೆ ಬೋಲ್ಟ್ ಹಾಕಿದ ಕಡೆ ಹಚ್ಚಿದ ಸೀಲೆಂಟ್ ಕಾಲಕ್ರಮೇಣ ಬಿರುಕು ಬಿಡುತ್ತದೆ. ಅಲ್ಲಿಂದ ಮಳೆನೀರು ಒಳಗಿಳಿಯುತ್ತದೆ. ಹೊರಗೆ ಬಣ್ಣ ಥಳಥಳ ಹೊಳೆಯುತ್ತಿದ್ದರೂ ಒಳಗೆ ಮರ ಕೊಳೆತು ಹಿಂಡಿಯಾಗಿರುತ್ತದೆ.

ಪತ್ತೆ ಹಚ್ಚುವುದು ಹೇಗೆ? ಒಂದು ನಾಣ್ಯದಿಂದ ಡೆಕ್ಕನ್ನು ಉದ್ದಕ್ಕೂ ತಟ್ಟುತ್ತಾ ಹೋಗುತ್ತಾರೆ. ಗಟ್ಟಿ ಇದ್ದಲ್ಲಿ ‘ಟಣ್’ ಎನ್ನುತ್ತದೆ, ಕೊಳೆತಲ್ಲಿ ‘ದಪ್’ ಎನ್ನುತ್ತದೆ. ತೆಂಗಿನಕಾಯಿ ತಟ್ಟಿ ನೋಡಿ ಆರಿಸುತ್ತೇವಲ್ಲ, ಅದೇ ಉಪಾಯ.

ಸ್ಟೇನ್‌ಲೆಸ್ ಸ್ಟೀಲಿಗೆ ತುಕ್ಕು ಹಿಡಿಯುವುದಿಲ್ಲವೇ?

ಹಿಡಿಯುತ್ತದೆ. ಈ ಸ್ಟೀಲಿನಲ್ಲಿ ಕನಿಷ್ಠ ಶೇ. 10.5ರಷ್ಟು ಕ್ರೋಮಿಯಂ ಇರುತ್ತದೆ. ಅದು ಗಾಳಿಯ ಆಮ್ಲಜನಕದೊಂದಿಗೆ ಸೇರಿ ಕಣ್ಣಿಗೆ ಕಾಣದ ತೆಳು ಪೊರೆಯಾಗುತ್ತದೆ. ಆ ಪೊರೆಯೇ ಸ್ಟೀಲನ್ನು ಕಾಯುವುದು. ಗೀರು ಬಿದ್ದರೂ ಮತ್ತೆ ಬೆಳೆಯುತ್ತದೆ, ಆದರೆ ಅದಕ್ಕೆ ಆಮ್ಲಜನಕ ಬೇಕು. ಬೋಲ್ಟಿನ ಸಂದಿಯಲ್ಲಿ ಉಪ್ಪುನೀರು ನಿಂತರೆ ಅಲ್ಲಿ ಆಮ್ಲಜನಕ ಮುಗಿದುಹೋಗುತ್ತದೆ. ಪೊರೆ ಬೆಳೆಯುವುದಿಲ್ಲ, ಉಪ್ಪಿನಲ್ಲಿರುವ ಕ್ಲೋರೈಡ್ ಸ್ಟೀಲನ್ನು ತಿನ್ನತೊಡಗುತ್ತದೆ. ಸ್ಟೀಲ್ ಪಾತ್ರೆಯಲ್ಲಿ ಒದ್ದೆ ಉಪ್ಪು ಬಹಳ ದಿನ ಇದ್ದರೆ ತಳದಲ್ಲಿ ಚುಕ್ಕೆಚುಕ್ಕೆ ಗುಳಿ ಬೀಳುವುದಕ್ಕೂ ಕ್ಲೋರೈಡೇ ಕಾರಣ.

ಹಾಯಿದೋಣಿಯ ಕಂಬವನ್ನು ನೆಟ್ಟಗೆ ನಿಲ್ಲಿಸಿರುವುದು ಸ್ಟೀಲ್ ತಂತಿಹಗ್ಗಗಳು. ಆ ಹಗ್ಗಗಳನ್ನು ದೋಣಿಯ ಒಡಲಿಗೆ ಬಿಗಿಯುವ ಸ್ಟೀಲ್ ಪಟ್ಟಿಗಳು ಡೆಕ್ ದಾಟಿ ಒಳಗಿಳಿಯುತ್ತವೆ. ಸವೆತ ಶುರುವಾಗುವುದು ಹೆಚ್ಚಾಗಿ ಡೆಕ್ ದಪ್ಪದೊಳಗೆ ಅಡಗಿದ ಭಾಗದಲ್ಲಿ. ಒಂದು ಪಟ್ಟಿ ತುಂಡಾದರೂ ಜೋರು ಗಾಳಿಯಲ್ಲಿ ಕಂಬವೇ ಉರುಳಬಹುದು. ಅದಕ್ಕಾಗಿಯೇ ತಂತಿಹಗ್ಗಗಳನ್ನು ಸಾಮಾನ್ಯವಾಗಿ 10ರಿಂದ 15 ವರ್ಷಕ್ಕೊಮ್ಮೆ, ನೋಡಲು ಚೆನ್ನಾಗಿದ್ದರೂ, ಬದಲಿಸುತ್ತಾರೆ. ಪಟ್ಟಿಗಳನ್ನು ಹೊರಗೆಳೆದು ಪರೀಕ್ಷಿಸುತ್ತಾರೆ.

ಅಯಸ್ಕಾಂತದ ಪರೀಕ್ಷೆ?

ಅದು ಸ್ಟೀಲಿನ ಒಳರಚನೆಯ ಬಗ್ಗೆ ಸುಳಿವು ಕೊಡುತ್ತದೆ, ಅಸಲಿಯೋ ನಕಲಿಯೋ ಎಂದು ಹೇಳುವುದಿಲ್ಲ. 430 ದರ್ಜೆಯದು ಅಸಲಿ ಸ್ಟೇನ್‌ಲೆಸ್ ಸ್ಟೀಲೇ, ಆದರೂ ಅಯಸ್ಕಾಂತಕ್ಕೆ ಅಂಟುತ್ತದೆ. ಪಾತ್ರೆಗಳಿಗೆ ಬಳಸುವ 304 ದರ್ಜೆಯದು ಸಾಮಾನ್ಯವಾಗಿ ಅಂಟುವುದಿಲ್ಲ, ಆದರೆ ಬಡಿದು ಬಗ್ಗಿಸಿದ ಕಡೆ ಸ್ವಲ್ಪ ಅಂಟಬಹುದು. ಸಮುದ್ರದಲ್ಲಿ ಹೆಚ್ಚಾಗಿ ಬಳಸುವ 316 ದರ್ಜೆಯಲ್ಲಿ ಮಾಲಿಬ್ಡಿನಂ ಸೇರಿರುವುದರಿಂದ ಅದು ಉಪ್ಪನ್ನು ಹೆಚ್ಚು ತಡೆಯುತ್ತದೆ. 304 ಯಾವುದು, 316 ಯಾವುದು ಎಂದು ಅಯಸ್ಕಾಂತ ಹೇಳಲಾರದು.

ಕರಗಲೆಂದೇ ಇಟ್ಟ ಲೋಹ

ಎರಡು ಬೇರೆ ಬೇರೆ ಲೋಹಗಳು ಒಂದಕ್ಕೊಂದು ತಾಗಿ ಉಪ್ಪುನೀರಿನಲ್ಲಿದ್ದರೆ ಅದೊಂದು ಬ್ಯಾಟರಿಯಂತೆ ಕೆಲಸ ಮಾಡುತ್ತದೆ. ಅವುಗಳಲ್ಲಿ ಒಂದು ಸವೆಯುತ್ತದೆ, ಇನ್ನೊಂದು ಉಳಿಯುತ್ತದೆ. ಅದಕ್ಕೆಂದೇ ಕಂಚಿನ ಪ್ರೊಪೆಲ್ಲರಿನ ಬಳಿ ಸತುವಿನ ತುಂಡೊಂದನ್ನು ಬಿಗಿಯುತ್ತಾರೆ. ಸತು ತಾನು ಕರಗಿ ಉಳಿದದ್ದನ್ನು ಕಾಪಾಡುತ್ತದೆ. ಅರ್ಧ ಕರಗಿದೆ ಎಂದರೆ ಅದು ಕೆಲಸ ಮಾಡುತ್ತಿದೆ, ಬದಲಿಸುವ ಹೊತ್ತೂ ಬಂದಿದೆ ಎಂದರ್ಥ. ಅಂದ ಕಾಣಲಿ ಎಂದು ಅದಕ್ಕೆ ಬಣ್ಣ ಬಳಿದರೆ ರಕ್ಷಣೆ ಅಲ್ಲಿಗೇ ನಿಂತಿತು. ಟ್ಯಾಂಕ್ ಇರುವ ಹಲವು ಗೀಸರ್‌ಗಳ ಒಳಗೂ ಹೀಗೆ ಕರಗುವ ಮೆಗ್ನೀಸಿಯಂ ಕಡ್ಡಿ ಇರುತ್ತದೆ.

ಮೊದಲು ಏನು ಮಾಡಬೇಕು?

ಸಿಂಕ್, ಶೌಚಾಲಯ, ಎಂಜಿನ್ ತಂಪು ಮಾಡುವ ಕೊಳವೆ, ಇವಕ್ಕೆಲ್ಲ ದೋಣಿಯ ತಳದಲ್ಲಿ ರಂಧ್ರಗಳಿದ್ದು ಅವಕ್ಕೆ ವಾಲ್ವ್ ಇರುತ್ತದೆ. ವಾಲ್ವ್ ಸಾಮಾನ್ಯ ಹಿತ್ತಾಳೆಯದಾದರೆ ಉಪ್ಪುನೀರಿನಲ್ಲಿ ಅದರೊಳಗಿನ ಸತು ಹೊರಟುಹೋಗಿ, ಲೋಹ ನಸುಗೆಂಪಾಗಿ ಪೆಡಸಾಗುತ್ತದೆ. ಅದು ಮುರಿದರೆ? ನೀರಿನ ಮಟ್ಟಕ್ಕಿಂತ 60 ಸೆಂ.ಮೀ. ಕೆಳಗಿರುವ 4 ಸೆಂ.ಮೀ. ಅಗಲದ ರಂಧ್ರದಿಂದ ನಿಮಿಷಕ್ಕೆ ಸುಮಾರು 150 ಲೀಟರ್ ನೀರು ನುಗ್ಗುತ್ತದೆ. ಮನೆಯ ಮೇಲಿನ 1000 ಲೀಟರ್ ಟ್ಯಾಂಕ್ ಏಳು ನಿಮಿಷದೊಳಗೆ ತುಂಬುವಷ್ಟು ವೇಗವದು.

ಆದ್ದರಿಂದ ಹಳೆಯ ದೋಣಿಯ ರಿಪೇರಿಯಲ್ಲಿ ಕ್ರಮ ಹೀಗಿರಬೇಕು: ಮೊದಲು ತಳದ ರಂಧ್ರ, ವಾಲ್ವ್, ಚುಕ್ಕಾಣಿ. ಆಮೇಲೆ ಕಂಬವನ್ನು ಹಿಡಿದ ಹಗ್ಗ, ಪಟ್ಟಿ. ಆಮೇಲೆ ಡೆಕ್ ಸೋರಿಕೆ, ವೈರಿಂಗ್. ಬಣ್ಣ ಮತ್ತು ಪಾಲಿಶ್ ಕೊನೆಗೆ. ತಳದ ಭಾಗವನ್ನು ಸರಿಯಾಗಿ ನೋಡಲು ದೋಣಿಯನ್ನು ದಡಕ್ಕೆ ಎತ್ತಲೇಬೇಕು. ಕರ್ನಾಟಕ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವ 61 ದಿನಗಳಲ್ಲಿ ಮಲ್ಪೆ, ಮಂಗಳೂರಿನ ಮೀನುಗಾರರು ಬೋಟುಗಳ ರಿಪೇರಿ ಮಾಡಿಸಿಕೊಳ್ಳುವುದನ್ನು ನೀವು ನೋಡಿರಬಹುದು.

ಒಟ್ಟಿನಲ್ಲಿ: ತುಕ್ಕು ಹಿಡಿಯದ ಸ್ಟೀಲಿಲ್ಲ, ನೀರು ಇಳಿಯಲಾರದ ಡೆಕ್ಕಿಲ್ಲ. ಹಾನಿ ಶುರುವಾಗುವುದು ಗಾಳಿಯಾಡದ, ಕಣ್ಣಿಗೆ ಬೀಳದ ಸಂದಿಗಳಲ್ಲಿ. ದೋಣಿಯಾಗಲಿ, ಮನೆಯಾಗಲಿ, ಹೊಸ ಬಣ್ಣ ನೋಡಿ ಗಟ್ಟಿ ಎಂದು ನಂಬಬೇಡಿ, ತಟ್ಟಿ ನೋಡಿ.