ಪ್ಯಾಟಿಯ ಸ್ವರ ಮತ್ತು ರುಬಿಡಿಯಮ್ ಆವಿ: ದ್ಯುತಿಪಂಪಿತ ಪರಮಾಣು ಕಾಂತಮಾಪಕಗಳ ಕುರಿತು ಭಾಷಾವಿಜ್ಞಾನಿಗಳಿಗೊಂದು ವಿವರಣೆ

ಸಾರಾಂಶ: ಮಿದುಳಿನ ಕಾಂತಕ್ಷೇತ್ರವನ್ನು ಅಳೆಯುವ ಮೆಗ್ ವಿಧಾನವು ಧ್ವನಿಮಾ ವಿಶ್ಲೇಷಣೆಗೆ ಸ್ವತಂತ್ರವಾದ ಸಾಕ್ಷ್ಯವನ್ನು ಒದಗಿಸಬಲ್ಲದು. ಆದರೆ ಆ ಸಾಕ್ಷ್ಯ ಯಾರ ಮಿದುಳಿನಿಂದ ದೊರೆಯುತ್ತದೆ ಎಂಬುದನ್ನು ಬಹುಮಟ್ಟಿಗೆ ಉಪಕರಣವೇ ನಿರ್ಧರಿಸುತ್ತ ಬಂದಿದೆ. ಉತ್ತರ ಕರ್ನಾಟಕದ ಆಡುಮಾತಿನ ಒಂದು ಸ್ವರಸಮಸ್ಯೆಯನ್ನು ಮುಂದಿಟ್ಟುಕೊಂಡು, ದ್ಯುತಿಪಂಪಿತ ಕಾಂತಮಾಪಕವು ಈ ಸ್ಥಿತಿಯನ್ನು ಎಷ್ಟರಮಟ್ಟಿಗೆ ಬದಲಿಸಬಲ್ಲದು ಎಂಬುದನ್ನು ಪ್ರಸ್ತುತ ಲೇಖನ ಪರಿಶೀಲಿಸುತ್ತದೆ.

ಕೀಲಿಪದಗಳು: ಧ್ವನಿಮಾ, ಉಪಧ್ವನಿ, ಉತ್ತರ ಕರ್ನಾಟಕದ ಕನ್ನಡ, ಮೆಗ್, ಪರಮಾಣು ಕಾಂತಮಾಪಕ

1. ಸಮಸ್ಯೆ

ಗದಗ ತಾಲ್ಲೂಕಿನ ಕೋಟುಮಚಗಿಯೂ ಸೇರುವ ಉತ್ತರ ಕರ್ನಾಟಕದ ಆಡುಮಾತಿನಲ್ಲಿ ಬರಹದ ‘ಬೇಡ’, ‘ಮೇಲೆ’ ಎಂಬ ರೂಪಗಳು ‘ಬ್ಯಾಡ’, ‘ಮ್ಯಾಲ’ ಎಂದಾಗುತ್ತವೆ. ‘ಬೇಕು’, ‘ಕೇರಿ’ಗಳಲ್ಲಿ ಏಕಾರ ಹಾಗೆಯೇ ಉಳಿಯುತ್ತದೆ. ಮುಂದಿನ ಅಕ್ಷರದಲ್ಲಿ ಇ, ಉ ಎಂಬ ಉಚ್ಚ ಸ್ವರಗಳಿದ್ದರೆ ಏಕಾರ, ಇಲ್ಲದಿದ್ದರೆ ಆ್ಯಕಾರ. ಇಷ್ಟೇ ಆಗಿದ್ದರೆ ಇವೆರಡನ್ನೂ ಒಂದೇ ಧ್ವನಿಮಾದ ಉಪಧ್ವನಿಗಳೆಂದು ನಿರ್ಣಯಿಸಬಹುದಿತ್ತು. ಆದರೆ ಇದೇ ಆಡುಮಾತಿನಲ್ಲಿ ಪದಾಂತ್ಯದ ಎಕಾರ ಇಕಾರವಾಗುತ್ತದೆ: ‘ಮನೆ’ ‘ಮನಿ’ಯಾಗುವಂತೆ ‘ಪೇಟೆ’ಯು ‘ಪ್ಯಾಟಿ’ಯಾಗುತ್ತದೆ. ಪರಿಣಾಮವಾಗಿ ‘ಪ್ಯಾಟಿ’ ಮತ್ತು ‘ಕೇರಿ’ಗಳಲ್ಲಿ ಒಂದೇ ಬಗೆಯ ಪರಿಸರದಲ್ಲಿ ಎರಡೂ ಸ್ವರಗಳು ದೊರೆಯುತ್ತವೆ. ಆ್ಯಕಾರ ಪ್ರತ್ಯೇಕ ಧ್ವನಿಮಾ ಆಗಿ ನೆಲೆಗೊಂಡಿದೆಯೇ, ಅಥವಾ ಆಂತರಿಕ ‘ಪೇಟೆ’ಯಿಂದ ಎರಡು ನಿಯಮಗಳ ಮೂಲಕ ‘ಪ್ಯಾಟಿ’ ಸಾಧಿತವಾಗುತ್ತದೆಯೇ? ವಿತರಣೆಯ ದತ್ತಾಂಶಕ್ಕೆ ಎರಡೂ ವಿಶ್ಲೇಷಣೆಗಳು ಒಗ್ಗುತ್ತವೆ.

ಇಂತಹ ಪ್ರಶ್ನೆಗೆ ಮೆಗ್ ನೆರವಾದ ಉದಾಹರಣೆಯಿದೆ. ಕಜನೀನಾ, ಫಿಲಿಪ್ಸ್ ಮತ್ತು ಇಡ್ಸಾರ್ಡಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತ–ದಗಳು ಭಿನ್ನ ಧ್ವನಿಮಾಗಳಾಗಿರುವ ರಷ್ಯನ್ ಭಾಷಿಕರ ಮಿದುಳಿನಲ್ಲಿ ವ್ಯತ್ಯಾಸದ ಪ್ರತಿಕ್ರಿಯೆ ಕಂಡುಬಂದಿತು. ಅವು ಉಪಧ್ವನಿಗಳಾಗಿರುವ ಕೊರಿಯನ್ ಭಾಷಿಕರಲ್ಲಿ ಕಂಡುಬರಲಿಲ್ಲ. ಇದೇ ವಿನ್ಯಾಸವನ್ನು ಏಕಾರ–ಆ್ಯಕಾರಗಳಿಗೆ ಅನ್ವಯಿಸಬಹುದು. ತೊಡಕಿರುವುದು ಭಾಷಿಕರ ಆಯ್ಕೆಯಲ್ಲಿ. ಶಾಲೆಗೆ ಹೋದವರಿಗೆ ‘ಪೇಟೆ’ ಎಂಬ ಬರಹದ ರೂಪವೂ ಗೊತ್ತು, ಇಂಗ್ಲಿಷ್ ಪದಗಳ ಆ್ಯಕಾರವೂ ಗೊತ್ತು. ಆದ್ದರಿಂದ ಅಕ್ಷರಾಭ್ಯಾಸಕ್ಕೆ ಮೊದಲಿನ ಮಕ್ಕಳ ಮತ್ತು ಓದುಬರಹವಿಲ್ಲದ ಹಿರಿಯರ ಸಾಕ್ಷ್ಯಕ್ಕೆ ಹೆಚ್ಚಿನ ಬೆಲೆ. ರೂಢಿಯ ಮೆಗ್ ಯಂತ್ರಕ್ಕೆ ಹೆಚ್ಚು ಒಗ್ಗದವರೂ ಇವರೇ.

2. ರೂಢಿಯ ಯಂತ್ರದ ಮಿತಿ

ನಮ್ಮ ಭಾಗದಲ್ಲಿ ಭೂಮಿಯ ಕಾಂತಕ್ಷೇತ್ರ ಸುಮಾರು 40 ಮೈಕ್ರೊಟೆಸ್ಲಾ. ಶಬ್ದವೊಂದನ್ನು ಕೇಳಿದಾಗ ಶ್ರವಣ ವಲ್ಕಲದಲ್ಲಿ ಉಂಟಾಗುವ ಕ್ಷೇತ್ರ ನೂರು ಫೆಮ್ಟೊಟೆಸ್ಲಾದ ಆಸುಪಾಸಿನದು. ಎಂದರೆ ಭೂಕ್ಷೇತ್ರಕ್ಕಿಂತ ಸುಮಾರು ನಲವತ್ತು ಕೋಟಿ ಪಟ್ಟು ಕಡಿಮೆ. ಇದನ್ನು ಹಿಡಿಯಲು ದಶಕಗಳಿಂದ ಬಳಕೆಯಲ್ಲಿರುವುದು ‘ಸ್ಕ್ವಿಡ್’ ಎಂಬ ಅತಿವಾಹಕ ಸಂವೇದಕ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿರುವ ಮೆಗ್ ಯಂತ್ರವೂ ಈ ಬಗೆಯದೇ. ಸ್ಕ್ವಿಡ್ ಕೆಲಸ ಮಾಡಬೇಕಾದರೆ ದ್ರವ ಹೀಲಿಯಮ್‌ನಲ್ಲಿ, ಸುಮಾರು ಮೈನಸ್ 269 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಇರಬೇಕು. ಶೀತಪಾತ್ರೆಯ ಗೋಡೆಯಿಂದಾಗಿ ಸಂವೇದಕ ನೆತ್ತಿಯಿಂದ ಎರಡು ಮೂರು ಸೆಂಟಿಮೀಟರ್ ದೂರ ಉಳಿಯುತ್ತದೆ. ಶಿರಸ್ತ್ರಾಣದ ಅಳತೆ ವಯಸ್ಕರ ತಲೆಗೆ ತಕ್ಕಂತೆ ಸ್ಥಿರವಾಗಿದ್ದು, ತಲೆ ಅಲುಗುವಂತಿಲ್ಲ. ಮೂರು ವರ್ಷದ ಮಗುವಿನಿಂದ ಇದನ್ನು ನಿರೀಕ್ಷಿಸಲಾಗದು.

3. ಬೆಳಕಿನಿಂದ ಅಳೆಯುವ ಬಗೆ

ದ್ಯುತಿಪಂಪನದ ತತ್ತ್ವ ಹೊಸದಲ್ಲ. ಅದನ್ನು ರೂಪಿಸಿದ ಆಲ್ಫ್ರೆಡ್ ಕಾಸ್ಲರ್ ಅವರಿಗೆ 1966ರಲ್ಲಿ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿ ಸಂದಿತು. ಕೆಲವೇ ಮಿಲಿಮೀಟರ್ ಅಳತೆಯ ಗಾಜಿನ ಕೋಶದಲ್ಲಿ ರುಬಿಡಿಯಮ್ ಆವಿ ಇರುತ್ತದೆ. ಪ್ರತಿ ಪರಮಾಣುವೂ ಒಂದು ಪುಟ್ಟ ಕಾಂತ. ಆದರೆ ಅವುಗಳ ದಿಕ್ಕು ಚೆಲ್ಲಾಪಿಲ್ಲಿ. 795 ನ್ಯಾನೊಮೀಟರ್ ತರಂಗಾಂತರದ, ವೃತ್ತಧ್ರುವೀಕೃತ ಲೇಸರ್ ಬೆಳಕನ್ನು ಹಾಯಿಸಿದಾಗ ಪರಮಾಣುಗಳು ಅದನ್ನು ಹೀರುತ್ತ ಹೀರುತ್ತ, ಮುಂದೆ ಹೀರಲಾಗದ ಒಂದೇ ಸ್ಥಿತಿಗೆ ಬಂದು ಸೇರುತ್ತವೆ. ಎಲ್ಲದರ ಸ್ಪಿನ್ ಒಂದೇ ದಿಕ್ಕಿಗೆ ನಿಲ್ಲುತ್ತದೆ. ಆವಿ ಬೆಳಕಿಗೆ ಪಾರದರ್ಶಕವಾಗುತ್ತದೆ. ಈಗ ಬೆಳಕಿಗೆ ಅಡ್ಡಲಾಗಿ ಅತ್ಯಲ್ಪ ಕಾಂತಕ್ಷೇತ್ರ ಬಂದರೂ ಸ್ಪಿನ್‌ಗಳು ಓರೆಯಾಗಿ ಮತ್ತೆ ಬೆಳಕನ್ನು ಹೀರತೊಡಗುತ್ತವೆ. ಆಚೆ ಬದಿಯ ದ್ಯುತಿಸಂವೇದಕಕ್ಕೆ ತಲುಪುವ ಬೆಳಕು ತಗ್ಗುತ್ತದೆ. ಆ ಇಳಿತವೇ ಮಾಪನ.

ಪರಮಾಣುಗಳು ಪರಸ್ಪರ ಡಿಕ್ಕಿ ಹೊಡೆದಾಗ ಸ್ಪಿನ್‌ಗಳ ಹೊಂದಾಣಿಕೆ ಕೆಡುವುದು ಸಹಜ. ಆದರೆ ಕೋಶವನ್ನು ಸುಮಾರು 150 ಡಿಗ್ರಿಗೆ ಕಾಯಿಸಿ ಆವಿಯನ್ನು ದಟ್ಟವಾಗಿಸಿ, ಸುತ್ತಲಿನ ಕ್ಷೇತ್ರವನ್ನು ಶೂನ್ಯದ ಹತ್ತಿರ ಇರಿಸಿದರೆ, ಡಿಕ್ಕಿಗಳು ಎಷ್ಟು ಬೇಗಬೇಗ ನಡೆಯುತ್ತವೆಂದರೆ ಅವುಗಳ ಕೇಡು ಅಳಿದುಹೋಗುತ್ತದೆ. ಪ್ರಿನ್ಸ್‌ಟನ್‌ನ ರೊಮಾಲಿಸ್ ತಂಡ 2002–03ರಲ್ಲಿ ಇದನ್ನು ಸಾಧಿಸಿ ತೋರಿಸಿತು. ಹೀಲಿಯಮ್ ಬೇಡವಾದ್ದರಿಂದ ಸಂವೇದಕವನ್ನು ನೆತ್ತಿಯಿಂದ ಆರೇಳು ಮಿಲಿಮೀಟರ್ ಅಂತರದಲ್ಲಿ ಇಡಬಹುದು. ತಲೆಯೊಡನೆ ಅದೂ ಚಲಿಸುತ್ತದೆ. 2018ರಲ್ಲಿ ನಾಟಿಂಗ್‌ಹ್ಯಾಮ್ ಮತ್ತು ಲಂಡನ್ ತಂಡಗಳು ಇಂತಹ ಶಿರಸ್ತ್ರಾಣ ತೊಟ್ಟವರು ತಲೆಯಾಡಿಸುತ್ತಿರುವಾಗ, ಚಹಾ ಕುಡಿಯುತ್ತಿರುವಾಗ ಮಿದುಳಿನ ಸಂಕೇತಗಳನ್ನು ದಾಖಲಿಸಿದವು. ಮರುವರ್ಷ ಎರಡು ಮತ್ತು ಐದು ವರ್ಷದ ಮಕ್ಕಳ ಮಾಪನವೂ ಪ್ರಕಟವಾಯಿತು.

4. ಉಳಿಯುವ ಮಿತಿಗಳು

ಈ ಉಪಕರಣವನ್ನು ಕೋಟುಮಚಗಿಯ ಪಡಸಾಲೆಗೆ ಒಯ್ಯಬಹುದೆಂದು ಭಾವಿಸಬಾರದು. ಕ್ಷೇತ್ರ ಒಂದೆರಡು ನ್ಯಾನೊಟೆಸ್ಲಾ ಸರಿದರೂ ಸಂವೇದಕದ ಅಳತೆ ತಪ್ಪುತ್ತದೆ. ಆದ್ದರಿಂದ ಕಾಂತರಕ್ಷಿತ ಕೊಠಡಿ, ಉಳಿಕೆ ಕ್ಷೇತ್ರವನ್ನು ಅಳಿಸುವ ಸುರುಳಿಗಳು ಇನ್ನೂ ಬೇಕು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಕವಚವಿಲ್ಲದ ಪರಮಾಣು ಮಾಪನದ ಪ್ರಯೋಗಗಳು ನಡೆದಿವೆಯಾದರೂ ಮಿದುಳಿನ ಕ್ಷೇತ್ರಕ್ಕೆ ಬೇಕಾದ ಸೂಕ್ಷ್ಮತೆ ಬೇರೆಯೇ ಮಟ್ಟದ್ದು. ಸಂವೇದಕದ ಆವರ್ತನ ವ್ಯಾಪ್ತಿ ಸಾಮಾನ್ಯವಾಗಿ 130 ಹರ್ಟ್ಸ್‌ನ ಆಸುಪಾಸಿಗೆ ಮುಗಿಯುತ್ತದೆ. ವ್ಯತ್ಯಾಸದ ಪ್ರತಿಕ್ರಿಯೆಗೆ ಇದು ಧಾರಾಳ, ಸ್ತ್ರೀಧ್ವನಿಯ ಸ್ಥಾಯಿಯನ್ನು ಹಿಂಬಾಲಿಸುವ ಪ್ರತಿಕ್ರಿಯೆಗೆ ಸಾಲದು. ಮಾತನಾಡುವಾಗ ದವಡೆಯ ಸ್ನಾಯುಗಳು ಉಂಟುಮಾಡುವ ಗದ್ದಲವೂ ಹಾಗೆಯೇ ಉಳಿಯುತ್ತದೆ.

5. ಸಮಾರೋಪ

ಊರಿಗೇ ಒಯ್ಯಬಲ್ಲ ಇಇಜಿ ಯಂತ್ರ ಇರುವಾಗ ಇದೇಕೆ ಎಂದು ಕೇಳಬಹುದು. ತಲೆಬುರುಡೆಯು ವಿದ್ಯುತ್ ವಿಭವವನ್ನು ಕದಡುವಷ್ಟು ಕಾಂತಕ್ಷೇತ್ರವನ್ನು ಕದಡುವುದಿಲ್ಲ. ಪ್ರತಿಕ್ರಿಯೆಯ ಮೂಲಸ್ಥಾನ ತಿಳಿಯಲು ಮೆಗ್ ಬೇಕು. ಹೀಗಾಗಿ ಎರಡು ಹಂತದ ಕ್ರಮ ಯುಕ್ತವೆನಿಸುತ್ತದೆ: ಮೊದಲು ಊರಿನಲ್ಲೇ ಇಇಜಿ, ಅನಂತರ ಪಯಣಕ್ಕೆ ಒಪ್ಪಿದವರಲ್ಲಿ ಪರಮಾಣು ಸಂವೇದಕಗಳ ಮಾಪನ. ಸುಮಾರು ನಾನೂರು ಕಿಲೋಮೀಟರ್ ಪಯಣದ ಭಾರ ಭಾಷಿಕರ ಮೇಲೆ ಉಳಿಯುತ್ತದೆ. ಆದರೆ ಅಲ್ಲಿಗೆ ಬಂದ ಮಗುವನ್ನು ಅದರ ತಲೆ ಚಿಕ್ಕದೆಂಬ ಅಥವಾ ಅದು ಅಲುಗುತ್ತದೆಂಬ ಕಾರಣಕ್ಕೆ ಹಿಂದಕ್ಕೆ ಕಳಿಸುವ ಅಗತ್ಯ ಉಳಿಯುವುದಿಲ್ಲ. ಆ ಮಾಪನಕ್ಕೆ ಬೇಕಾದ ಉದ್ದೀಪಕಗಳು, ಅಂದರೆ ಊರಿನವರೇ ಉಚ್ಚರಿಸಿದ ‘ಪ್ಯಾಟಿ’, ‘ಕೇರಿ’ಗಳ ಎಚ್ಚರದ ಧ್ವನಿಮುದ್ರಣಗಳು, ಭೌತವಿಜ್ಞಾನಿಗಳಿಂದ ಬರಲಾರವು. ಅವನ್ನು ಸಿದ್ಧಪಡಿಸುವುದು ಭಾಷಾವಿಜ್ಞಾನಿಗಳ ಕೆಲಸ. ಅದಕ್ಕೆ ಕಾಂತರಕ್ಷಿತ ಕೊಠಡಿ ಬೇಕಿಲ್ಲ.