ಹಳೇ ಸ್ನಾನಗೃಹದಲ್ಲಿ ಹಂದಿಮಾಂಸದ ಊಟ

ಟೋಕಿಯೋದ ಒಮೊಟೆಸಾಂಡೊ ಮೆಟ್ರೋ ನಿಲ್ದಾಣದಿಂದ ಮೇಲೆ ಬಂದರೆ ಕಣ್ಣಿಗೆ ಬೀಳುವುದೆಲ್ಲ ದುಬಾರಿ ಬಟ್ಟೆ ಅಂಗಡಿಗಳು. ದೊಡ್ಡ ರಸ್ತೆ ಬಿಟ್ಟು ಒಳಗಿನ ಓಣಿಗೆ ತಿರುಗಿ ಐದಾರು ನಿಮಿಷ ನಡೆದರೆ ಸದ್ದಡಗಿ ಮನೆಗಳ ಸಾಲು ಶುರುವಾಗುತ್ತದೆ. ಅಲ್ಲೇ ಇದೆ ಮೈಸೆನ್. ಹಂದಿಮಾಂಸದ ದಪ್ಪ ತುಂಡನ್ನು ಬ್ರೆಡ್ ಪುಡಿಯಲ್ಲಿ ಹೊರಳಿಸಿ ಎಣ್ಣೆಯಲ್ಲಿ ಕರಿದ ಟೊಂಕತ್ಸುವಿಗೇ ಹೆಸರಾದ ಹೋಟೆಲು, 1965ರಿಂದ ನಡೆಯುತ್ತಿದೆ.

ಕರೆದುಕೊಂಡು ಬಂದವನು ನನ್ನ ಅಕ್ಕನ ಮಗ. ಭಾರತದ ಕಂಪ್ಯೂಟರ್ ಎಂಜಿನಿಯರುಗಳು ಸಂಸಾರ ಹೂಡಿರುವ ನಿಶಿ ಕಸಾಯ್ ಬಡಾವಣೆಯಲ್ಲಿ ಅವನ ಮನೆ. ಕನ್ನಡ, ತೆಲುಗು ಎರಡೂ ಅಲ್ಲಿ ಕಿವಿಗೆ ಬೀಳುತ್ತವೆ. ಆಂಧ್ರದ ಗಡಿಗೆ ಅಂಟಿಕೊಂಡ ಗೌನಿಪಲ್ಲಿಯವನಾದ ನನಗೆ ಅದು ಊರಿನ ಬಸ್ ನಿಲ್ದಾಣದ ಮಾತೇ. ನಮ್ಮ ಕೋಲಾರ ಜಿಲ್ಲೆಗೂ ಜಪಾನು ಈಗ ದೂರದ್ದೇನಲ್ಲ. 2013ರಲ್ಲಿ ನರಸಾಪುರದಲ್ಲಿ ಹೋಂಡಾ ಕಾರ್ಖಾನೆ ಶುರುವಾದ ಮೇಲೆ ನಮ್ಮ ಎಷ್ಟೋ ಹುಡುಗರಿಗೆ ಅವರ ಕೆಲಸದ ಶಿಸ್ತು ಗೊತ್ತು. ಅವರ ಊಟ ಮಾತ್ರ ಗೊತ್ತಿಲ್ಲ.

ಹೋಟೆಲಿನ ಹಿಂಭಾಗದ ಹಜಾರಕ್ಕೆ ಕಾಲಿಟ್ಟಾಗ ನನ್ನ ತಲೆ ತಾನಾಗಿ ಮೇಲಕ್ಕೆ ಹೋಯಿತು. ಅಷ್ಟು ಎತ್ತರದ ಚಾವಣಿ. ಇದು ಹಿಂದೆ ಊರವರ ಸಾರ್ವಜನಿಕ ಸ್ನಾನಗೃಹ. ಮನೆಯಲ್ಲಿ ಬಚ್ಚಲಿಲ್ಲದ ಕಾಲದಲ್ಲಿ ಬೀದಿಯ ಜನವೆಲ್ಲ ಬಂದು ಬಿಸಿನೀರಿನಲ್ಲಿ ಮೀಯುತ್ತಿದ್ದ ಜಾಗ. ಹಬೆ ಮೇಲೇರಿ ಹೋಗಲೆಂದು ಇಟ್ಟ ಎತ್ತರ ಹಾಗೇ ಉಳಿದಿದೆ. ಅದರ ಕೆಳಗೆ ಈಗ ಮುದುಕರು, ಮಕ್ಕಳು, ಆಫೀಸಿನವರು ಕೂತು ಉಣ್ಣುತ್ತಾರೆ. ಕಟ್ಟಡ ಕೆಡವದೆ ಉಳಿಸಿಕೊಂಡದ್ದು ನನಗೆ ತುಂಬ ಹಿಡಿಸಿತು.

ತಟ್ಟೆ ಬಂತು. ಉದ್ದುದ್ದ ಕತ್ತರಿಸಿಟ್ಟ ಹೊಂಬಣ್ಣದ ತುಂಡುಗಳು, ಪಕ್ಕದಲ್ಲಿ ದಾರದಷ್ಟು ಸಣ್ಣಗೆ ಹೆಚ್ಚಿದ ಹಸಿ ಕೋಸಿನ ಗುಡ್ಡೆ, ಒಂದಿಷ್ಟು ಸಾಸಿವೆ, ಅನ್ನ, ಹುದುಗಿಸಿದ ಸೋಯಾ ಕಾಳಿನ ಮಿಸೋ ಸಾರು, ಉಪ್ಪಿನಕಾಯಿ.

"ಮಾಮ, ಸಾಸ್ ಆಮೇಲೆ. ಮೊದಲು ಹಾಗೇ ಒಂದು ತುಂಡು ತಿನ್ನಿ" ಅಂದ ಹುಡುಗ. ಊಟದ ಕಡ್ಡಿಯಿಂದ ಒತ್ತಿದರೇ ಮಾಂಸ ಬಿಟ್ಟುಕೊಂಡಿತು. ಚಾಕು ಬೇಡ, ಕಡ್ಡಿಯಲ್ಲೇ ಕತ್ತರಿಸಬಹುದು ಎಂಬುದೇ ಈ ಹೋಟೆಲಿನ ಹೆಗ್ಗಳಿಕೆ. ಬ್ರೆಡ್ ಪುಡಿ ನಮ್ಮ ಬೇಕರಿಯ ಕಟ್ಲೆಟ್ಟಿಗೆ ಹಚ್ಚುವ ನುಣ್ಣನೆಯದಲ್ಲ. ತೇವವಿರುವ ತಾಜಾ ಬ್ರೆಡ್ಡನ್ನು ದಪ್ಪದಪ್ಪ ಚೂರು ಮಾಡಿ ಹಚ್ಚಿದ್ದು, ಕೊಯ್ಲಾದ ಹೊಲದ ರಾಗಿ ಕೂಳೆಯ ಹಾಗೆ ನೆಟ್ಟಗೆ ನಿಂತಿರುತ್ತದೆ. ಮೈದಾ, ಮೊಟ್ಟೆ, ಆಮೇಲೆ ಈ ಚೂರು. ಮಸಾಲೆ ಅಂದರೆ ಉಪ್ಪು, ಮೆಣಸು ಅಷ್ಟೇ. ಖಾರ ಅರೆದು ಮಾಂಸದ ವಾಸನೆ ಅಡಗಿಸುವ ಕೈ ನಮ್ಮದು. ಇಲ್ಲಿ ಅಡಗಿಸುವುದಕ್ಕೆ ಏನೂ ಇಲ್ಲ. ಮಾಂಸ ಸರಿಯಿಲ್ಲದಿದ್ದರೆ ಮೊದಲ ತುತ್ತಿನಲ್ಲೇ ಗೊತ್ತಾಗಿಬಿಡುತ್ತದೆ.

ಸಾಸಿನ ಸೀಸೆ ಎತ್ತಿದಾಗ ಊರು ನೆನಪಾಯಿತು. 1902ರಲ್ಲಿ ಶುರುವಾದ ಬುಲ್‌ಡಾಗ್ ಕಂಪನಿಯಿಂದ ಹಿಡಿದು ಜಪಾನಿನ ಇಂಥ ಸಾಸುಗಳಿಗೆಲ್ಲ ಟೊಮೇಟೊ, ಸೇಬು, ಈರುಳ್ಳಿ, ಕ್ಯಾರೆಟ್‌ಗಳ ತಿರುಳೇ ಆಧಾರ. ಟೊಮೇಟೊ ಬೆಲೆ ಬಿದ್ದ ವರ್ಷ ಬೆಳೆಯನ್ನು ರಸ್ತೆ ಬದಿಗೆ ಸುರಿಯುವ ನಮ್ಮ ಶ್ರೀನಿವಾಸಪುರ ತಾಲ್ಲೂಕಿನವರು ಈ ಕಪ್ಪು ಸಾಸನ್ನು ಒಮ್ಮೆ ನೋಡಬೇಕು. ಕೋಸೂ ನಮ್ಮದೇ ಬೆಳೆ. ಕರಿದದ್ದರ ಜಿಡ್ಡನ್ನು ಹಸಿ ಕೋಸು ಹೇಗೆ ತೊಳೆಯುತ್ತದೆಂದು ಇಲ್ಲಿ ಉಂಡ ಮೇಲೆ ತಿಳಿಯಿತು.

ಈ ಅಡುಗೆ ಜಪಾನಿನಲ್ಲೇ ಹುಟ್ಟಿದ್ದಲ್ಲ. ಬೆಣ್ಣೆಯಲ್ಲಿ ಬಾಡಿಸುವ ಫ್ರೆಂಚರ ಕಟ್ಲೆಟ್ಟನ್ನು, ಜಪಾನಿನ ತೆಂಪುರ ಬಜ್ಜಿಯ ಹಾಗೆ ತುಂಬು ಎಣ್ಣೆಯಲ್ಲಿ ಮುಳುಗಿಸಿ ಕರಿದದ್ದು ಗಿಂಜಾದ ರೆಂಗಾತೆ ಹೋಟೆಲು, 1899ರಲ್ಲಿ. ಅದಕ್ಕೂ ಮುಂಚಿನ ಕಥೆ ನಮಗೆ ಇನ್ನೂ ಹತ್ತಿರದ್ದು. ಬೌದ್ಧ ಪ್ರಭಾವದ ಆ ದೇಶದಲ್ಲಿ ನೂರಾರು ವರ್ಷ ಪ್ರಾಣಿಮಾಂಸಕ್ಕೆ ಮೈಲಿಗೆಯಿತ್ತು; ಪ್ರಾಣಿ ಕಡಿಯುವ, ಚರ್ಮ ಹದ ಮಾಡುವ ಜನರನ್ನು ಊರಾಚೆ ಇಟ್ಟಿದ್ದರು. 1871ರಲ್ಲಿ ಸರ್ಕಾರ ಆ ಜನರ ಮೇಲಿನ ಭೇದವನ್ನು ಕಾನೂನಿನಿಂದ ತೆಗೆದುಹಾಕಿತು. ಮರುವರ್ಷ ಮೇಜಿ ಚಕ್ರವರ್ತಿ ದನದ ಮಾಂಸ ಉಂಡದ್ದನ್ನು ದೇಶಕ್ಕೆಲ್ಲ ತಿಳಿಸಲಾಯಿತು. ಮಾಂಸ ಬೇಗ ಊರೊಳಗೆ ಬಂತು. ಅದನ್ನು ಕಡಿದವರ ಮಕ್ಕಳಿಗೆ ಮದುವೆ, ಕೆಲಸದಲ್ಲಿ ಎದುರಾದ ತಾರತಮ್ಯ ಮಾತ್ರ ಇಪ್ಪತ್ತನೇ ಶತಮಾನದುದ್ದಕ್ಕೂ ನಡೆಯಿತು.

ನಮ್ಮ ಕಡೆಯಂತೂ ಹಂದಿಮಾಂಸವನ್ನೂ ಹಂದಿ ಸಾಕುವವರನ್ನೂ ಇನ್ನೂ ಆಚೆಯೇ ಇಟ್ಟಿದ್ದೇವೆ. ಕೊಡವರ ಮದುವೆ ಮನೆಯಲ್ಲಿ ಕಾಚಂಪುಳಿ ಬಿದ್ದ ಪಂದಿ ಕರಿ ಮರ್ಯಾದೆಯ ಅಡುಗೆ. ನಮ್ಮದೇ ಜಿಲ್ಲೆಯ ಕೆಜಿಎಫ್‌ನ ಆಂಗ್ಲೋ ಇಂಡಿಯನ್ ಮನೆಗಳಲ್ಲಿ ಅದು ಕ್ರಿಸ್‌ಮಸ್ ಊಟ. ಶ್ರೀನಿವಾಸಪುರದ ಸುತ್ತಿನ ಹಳ್ಳಿಗಳಲ್ಲಿ ಮಾತ್ರ ತಿನ್ನುವವರೂ ದನಿ ತಗ್ಗಿಸಿ ಹೇಳುತ್ತಾರೆ, ಹಂದಿ ಸಾಕುವವರ ಮನೆ ಊರ ಕೊನೆಯಲ್ಲೇ ಇರುತ್ತದೆ. ಬೇಡದವರು ತಿನ್ನುವುದು ಬೇಡ, ಅದು ಅವರವರ ಇಷ್ಟ. ಆದರೆ ಸಾಕುವವರಿಗೆ ಒಳ್ಳೇ ತಳಿ, ಶುಚಿಯಾದ ಕೊಟ್ಟಿಗೆ, ಪಶುವೈದ್ಯರ ಭೇಟಿ, ಪೇಟೆಯ ನಡುವೆ ಅಂಗಡಿ ಇಡುವ ಅವಕಾಶ ಸಿಗಬೇಕು. ಮೈಸೆನ್‌ನ ಚಾವಣಿಯ ಕೆಳಗೆ ಅಜ್ಜಿಯೊಬ್ಬರು ಮೊಮ್ಮಗಳಿಗೆ ತುಂಡು ಬಿಡಿಸಿಕೊಡುತ್ತಿದ್ದುದನ್ನು ನೋಡುತ್ತ ನನಗೆ ಬಲವಾಗಿ ಅನ್ನಿಸಿದ್ದು ಇದು.

ಟೋಕಿಯೋಗೆ ಹೋಗುವವರು ಮಧ್ಯಾಹ್ನದ ನೂಕುನುಗ್ಗಲಿಗೆ ಮುಂಚೆ ಹೋಗಿ. ಕೊಬ್ಬಿನ ಅಂಚು ಬೇಕಿದ್ದರೆ 'ರೋಸು', ಮೆತ್ತಗಿನದು ಬೇಕಿದ್ದರೆ 'ಹಿರೆ' ಕೇಳಿ. ಮೊದಲ ಸಲಕ್ಕೆ ಹಿರೆಯೇ ಸರಿ. ಕೂರಲು ಬಿಡುವಿಲ್ಲದಿದ್ದರೆ ಬ್ರೆಡ್ಡಿನ ನಡುವೆ ಇಟ್ಟ ಕತ್ಸು ಸ್ಯಾಂಡ್ ಕಟ್ಟಿಸಿಕೊಳ್ಳಬಹುದು. ಹಂದಿ ಒಲ್ಲದವರಿಗೆ ಸೀಗಡಿಯದೂ ಇದೆ, ಆದರೆ ಅಡುಗೆಮನೆ ಒಂದೇ. ಸಸ್ಯಾಹಾರಿಗಳಿಗೆ ಈ ಹೋಟೆಲು ಹೊಂದುವುದಿಲ್ಲ. ಜಪಾನಿನಲ್ಲಿ ಮಿಸೋ ಸಾರಿಗೂ ಸಾಮಾನ್ಯವಾಗಿ ಒಣಮೀನಿನ ರಸ ಬಿದ್ದಿರುತ್ತದೆ.