ಸೊಪ್ಪಿ ಕೊಳೆಯಲು ಬಾಟ್ಲಿ ಒಂದೇ ಸಾಲದು: ತಿಪ್ಪಿಗೆ ಏನೇನು ಬೇಕು?

ಹಾವೇರಿ: ಗೋವಿನಜೋಳದ ತೆನೆ ಮುರಿದ ಮೇಲೆ ಉಳಿಯೋ ಸೊಪ್ಪಿಗೆ ಬೆಂಕಿ ಹಚ್ಚೋದು ಜಿಲ್ಲೆಯಲ್ಲಿ ಹೊಸದೇನಲ್ಲ. ತಿಪ್ಪಿಗೆ ಹಾಕಿದ್ರೆ ವರ್ಷವಾದರೂ ಕೊಳೆಯಲ್ಲ ಅನ್ನೋದು ರೈತರ ದೂರು. 2008ರ ಜೂನ್‌ನಲ್ಲಿ ರಸಗೊಬ್ಬರ ಕೇಳಿ ಬೀದಿಗಿಳಿದವರ ಮೇಲೆ ಗೋಲಿಬಾರ್ ಆಗಿ ಇಬ್ಬರು ರೈತರು ಪ್ರಾಣ ಬಿಟ್ಟ ಊರಿದು. ಇಲ್ಲೇ ಗೊಬ್ಬರ ಹೊಗೆಯಾಗಿ ಹೋಗ್ತಿದೆ.

ಸೊಪ್ಪಿ ಬೇಗ ಕೊಳೆಯದಿರೋಕೆ ಕಾರಣ ಸರಳ. ಕೊಳೆಸುವ ಜೀವಾಣುಗಳಿಗೆ 25ರಿಂದ 30 ಪಾಲು ಇಂಗಾಲಕ್ಕೆ ಒಂದು ಪಾಲು ಸಾರಜನಕ ಬೇಕು. ಒಣ ದಂಟಿನಲ್ಲಿ ಒಂದು ಪಾಲು ಸಾರಜನಕಕ್ಕೆ ಇಂಗಾಲ 60 ಪಾಲಿನ ಆಸುಪಾಸು, ಕೆಲವೊಮ್ಮೆ ಇನ್ನೂ ಜಾಸ್ತಿ. ಬರೀ ಅನ್ನ ಬಡಿಸಿ ಸಾರು ಕೊಡದಂಗೆ. ಸೊಪ್ಪಿಯನ್ನು ಮಣ್ಣಿಗೆ ಸೇರಿಸಿದ ಕೂಡಲೇ ಬಿತ್ತಿದರೆ ಪೈರು ಹಳದಿಯಾಗೋದೂ ಇದಕ್ಕೇ. ಮಣ್ಣಿನ ಸಾರಜನಕವನ್ನ ಜೀವಾಣುಗಳೇ ಎಳ್ಕೊಂಡುಬಿಡ್ತವೆ.

ಹಾಗಾಗಿ ಮೊದಲು ದಂಟನ್ನ ಬೆರಳುದ್ದ ಕತ್ತರಿಸಬೇಕು. ಒಂದಡಿ ಸೊಪ್ಪಿ, ಮೇಲೆ ಸಗಣಿ ರಾಡಿ, ಒಂದಿಷ್ಟು ಹಳೇ ತಿಪ್ಪಿ ಗೊಬ್ಬರ. ಹೀಗೆ ನಾಲ್ಕಡಿ ಎತ್ತರ ಏರಿಸಬೇಕು. ಒಂದು ಟನ್ ಸೊಪ್ಪಿಗೆ ಸುಮಾರು 5 ಕೆಜಿ ಯೂರಿಯಾ ನೀರಲ್ಲಿ ಕರಗಿಸಿ ಚಿಮುಕಿಸಿದರೆ ಸಾಕು. ಮೂಗಿಗೆ ಘಾಟು ಹೊಡೆದರೆ ಜಾಸ್ತಿಯಾಗಿದೆ ಅಂತಲೇ ಅರ್ಥ. ಯೂರಿಯಾ ಜೊತೆ ಸುಣ್ಣ, ಬೂದಿ ಬೆರೆಸಿದರೆ ಸಾರಜನಕ ಗಾಳಿಗೆ ಹಾರಿಹೋಗುತ್ತೆ.

ಇನ್ನು ಅಂಗಡಿಯಲ್ಲಿ ಕೇಳೋ ಬಾಟ್ಲಿ ವಿಚಾರ. ಗಾಜಿಯಾಬಾದ್‌ನ ಸರ್ಕಾರಿ ಸಾವಯವ ಕೃಷಿ ಕೇಂದ್ರ ವೇಸ್ಟ್ ಡಿಕಂಪೋಸರ್ ಬಿಡುಗಡೆ ಮಾಡಿದಾಗ ಅದರ ಬೆಲೆ 20 ರೂಪಾಯಿ. 200 ಲೀಟರ್ ನೀರು, 2 ಕೆಜಿ ಬೆಲ್ಲಕ್ಕೆ ಒಂದು ಬಾಟ್ಲಿ ಬೆರೆಸಿ, ದಿನಾ ಕಲಕಿದರೆ ವಾರದೊಳಗೆ ದ್ರಾವಣ ತಯಾರು. ಅದರಲ್ಲೇ 20 ಲೀಟರ್ ಉಳಿಸಿಕೊಂಡ್ರೆ ಮುಂದಿನ ಡ್ರಮ್ಮಿಗೆ ಹೆಪ್ಪು. ಅಂಗಡಿಯವರಿಗೆ ಬೇಸರ ಆಗಬಹುದು, ಆದರೆ ಮತ್ತೆ ಮತ್ತೆ ಕೊಳ್ಳೋ ಅಗತ್ಯವಿಲ್ಲ. ನೀರು, ಸಗಣಿ ಇಲ್ಲದ ಒಣ ರಾಶಿಗೆ ಇದನ್ನ ಸುರಿದರೆ ಬೆಲ್ಲವೂ ದಂಡ.

ರಾಣೆಬೆನ್ನೂರು ಕಡೆಯ ಹತ್ತಿ ಕಟ್ಟಿಗೆ ಗಟ್ಟಿ. ಯಂತ್ರಕ್ಕೆ ಕೊಟ್ಟು ಪುಡಿ ಮಾಡಿಸದೆ ಬೇರೆ ದಾರಿಯಿಲ್ಲ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತುಂಬು ಬಿಡಿಸಿದ ಕಸವನ್ನೂ ತಿಪ್ಪಿಗೆ ಸೇರಿಸಬಹುದು. ಆದರೆ ಸೊರಗು ರೋಗ ಬಂದ ಗಿಡಗಳನ್ನ ಬೇರೆ ಇಡೋದೇ ಒಳ್ಳೇದು. ರಾಶಿಯ ನಡುವೆ 55 ಡಿಗ್ರಿ ಬಿಸಿ ಏರಿದರೂ ಅಂಚು ತಣ್ಣಗೇ ಇರುತ್ತೆ, ರೋಗ ಅಲ್ಲಿ ಉಳ್ಕೊಳ್ಳುತ್ತೆ.

ಹದಿನೈದು ದಿನಕ್ಕೊಮ್ಮೆ ರಾಶಿ ತಿರುವಿ ನೀರು ಕೊಡಬೇಕು. ಹಿಡಿಯಲ್ಲಿ ಹಿಂಡಿದರೆ ಕೈ ಒದ್ದೆಯಾಗಬೇಕು, ನೀರು ಸೋರಬಾರದು. ಬೇಸಿಗೆಯಲ್ಲಿ ಜನ ತಪ್ಪೋದು ಇಲ್ಲೇ. ಜನವರಿಯಲ್ಲಿ ಹಾಕಿದ ರಾಶಿ ಮೂರ್ನಾಲ್ಕು ತಿಂಗಳಲ್ಲಿ ಕಪ್ಪಾಗಿ, ಬಿಸಿ ಇಳಿದು, ಮಳೆ ಬಿದ್ದ ಮಣ್ಣಿನ ವಾಸನೆ ಬಂದರೆ ಮುಂಗಾರು ಬಿತ್ತನೆಗೆ ಮೊದಲು ಹೊಲಕ್ಕೆ ಹಾಕಬಹುದು. ಪ್ರಮಾಣದ ಬಗ್ಗೆ ಅನುಮಾನ ಇದ್ದವರು ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು.